ಸಾಹೇಬರ ರಿವಾಲ್ವರ್

ಮಗಳ ಬಾಣಂತನಕ್ಕೆಂದು ಕುವೈತಿನ ಸಾಲ್ಮಿಯಾಕ್ಕೆ ಹೋಗಿದ್ದಾಗ, ಅಳಿಯನ ಕಫೀಲ್, ಅಂದರೆ ಅವನ ವೀಸಾಕ್ಕೆ ಹೊಣೆಯಾದ ಕುವೈತಿ ಸಾಹೇಬರು, ತಮ್ಮ ಕಾಲೇಜು ಓದುವ ಮಗಳನ್ನು ಕರೆದುಕೊಂಡು ಕೂಸು ನೋಡಲು ಬಂದರು. ಅವರಿಗೆ ಗುರಿ ಹೊಡೆಯುವ ಹುಚ್ಚು. ಕೂತವರೇ ಮೊಬೈಲಿನಲ್ಲಿ ಒಂದು ರಿವಾಲ್ವರ್ ತೋರಿಸಿದರು. ಹೊರದೇಶದಲ್ಲಿ ಕೈಯಲ್ಲೇ ಮಾಡಿದ್ದಂತೆ, ಸಿಗುವುದೇ ಅಪರೂಪವಂತೆ. ಪರವಾನಗಿ ಸಿಕ್ಕಿದ್ದರೂ ತರಿಸಲೋ ಬೇಡವೋ ಎಂದು ಒದ್ದಾಡುತ್ತಿದ್ದರು.

"ಯಾಕಪ್ಪಾ ಅನುಮಾನ?" ಅಂತ ಮಿಲಿಟರಿ ಕ್ವಾರ್ಟರ್ಸಿನಲ್ಲಿ ಕಲಿತ ನನ್ನ ಹಿಂದಿಯಲ್ಲಿ ಕೇಳಿದೆ.

"ಖಾಲಾ, ಇಂಥದ್ದು ಒಬ್ಬರ ಕಾಲಕ್ಕೆ ಮುಗಿಯೋದಲ್ಲ. ನನಗಿರೋದು ಮಗಳೊಬ್ಬಳೇ. ನನ್ನ ನಂತರ ಇದನ್ನು ಯಾರು ಮುಟ್ಟುತ್ತಾರೆ?"

ಆ ಹುಡುಗಿ ಕಿಟಕಿ ಕಡೆ ಮುಖ ತಿರುಗಿಸಿಕೊಂಡಳು. ನನಗೆ ತಡೆಯಲಾಗಲಿಲ್ಲ.

"ನಮ್ಮ ಕೊಡಗಿನಲ್ಲಿ ಕೈಲ್‌ಪೋದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡ್ತೀವಿ, ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೀತೀವಿ. ಅಣ್ಣಂದಿರೆಲ್ಲ ತಪ್ಪಿದ ಕಾಯನ್ನು ಒಡೆದವಳು ನಾನು!"

"ಅತ್ತೆ, ಸಾಕು. ನನ್ನ ಇಕಾಮಾ, ಇಲ್ಲಿರೋ ಪರ್ಮಿಟ್ಟೇ ಅವರ ಕೈಲಿದೆ," ಅಳಿಯ ಕನ್ನಡದಲ್ಲಿ ಪಿಸುಗುಟ್ಟಿದ.

ನಾನು ಬಿಡಲಿಲ್ಲ. "ಇವಳನ್ನು ಯಾವತ್ತಾದರೂ ಕೇಳಿದ್ದೀರಾ, ಸಾಹೇಬರೇ?"

ಸಾಹೇಬರು ಮಗಳತ್ತ ತಿರುಗಿ ಅರಬಿಯಲ್ಲಿ ಏನೋ ಕೇಳಿದರು. ಅವಳು ಸಿಡುಕಿಕೊಂಡೇ ಉತ್ತರ ಕೊಟ್ಟಳು. ಸಾಹೇಬರು ಹೊಟ್ಟೆ ಕುಣಿಸಿಕೊಂಡು ನಕ್ಕರು.

"ನಾನು ಕೇಳಲಿ ಅಂತ ಚಿಕ್ಕಂದಿನಿಂದ ಕಾಯ್ತಿದ್ದಾಳಂತೆ! ಖಲಾಸ್ ಖಾಲಾ, ತರಿಸುತ್ತೇನೆ."

ಹುಡುಗಿ ಬಂದು ನನ್ನ ಹಣೆಗೆ ಮುತ್ತಿಟ್ಟಳು. ಅಳಿಯನಿಗೆ ಹೋದ ಜೀವ ಬಂತು.

ರಿವಾಲ್ವರೂ ಬಂತು. ಈಗ ಸಾಹೇಬರು ಅಳಿಯನ ಹತ್ತಿರ ನನ್ನ ಮೇಲೆ ದೂರು ಹೇಳುತ್ತಾರಂತೆ. ಶೂಟಿಂಗ್ ಕ್ಲಬ್ಬಿಗೆ ಹೋದರೆ ಮಗಳು ಅದನ್ನು ಅಪ್ಪನ ಕೈಗೇ ಕೊಡುವುದಿಲ್ಲವಂತೆ.