ಸುರುಳಿಗೆ ಹಚ್ಚಿದ ಭಂಡಾರ

ಗದಗ ಬ್ಯಾರೆ ಜಿಲ್ಲಾ ಆದ ಮ್ಯಾಲ ನಮ್ಮ ಕಾಲೇಜಿಗೆ ಹೊಸಾ ಬೋರ್ಡು ಬಂತು, ಹೊಸಾ ಕುರ್ಚಿ ಬಂದ್ವು. ದ್ರವ ನೈಟ್ರೋಜನ್ ಮಾತ್ರ ಬರಲಿಲ್ಲ. ಅದು ಸಿಗೂದು ದನದ ದವಾಖಾನ್ಯಾಗ, ಹೋರಿ ವೀರ್ಯ ಕೆಡದಂಗ ಇಡಾಕ. ಅಲ್ಲಿಯ ಡಾಕ್ಟರು ಖಡಾಖಂಡಿತ ಹೇಳಿದ್ರು: "ಮೊದಲ ಆಕಳಾ ಎಮ್ಮಿ, ಆಮ್ಯಾಲ ನಿಮ್ಮ ವಿಜ್ಞಾನ." ಅವು ಬಿಟ್ಟಿದ್ದರಾಗ ನಾ ಪಿಎಚ್.ಡಿ. ಮುಗಸಬೇಕು.

ಗೈಡ್ ಕೊಟ್ಟಿದ್ದ ಸೂಪರ್ ಕಂಡಕ್ಟರ್ ಪಟ್ಟಿ ಎರಡ ಸುರುಳಿಗೆ ಸಾಲೂವಷ್ಟ ಇತ್ತು. ಎರಡೂ ಕೆಟ್ರ ನನ್ನ ಓದೂ ಅಲ್ಲಿಗೇ ಮುಗೀತು. ಪಟ್ಟಿ ಸುತ್ತಿ ಆ ನೈಟ್ರೋಜನ್ನಿನ್ಯಾಗ ಮುಳಗಿಸಿದ್ರ ಕರೆಂಟು ಬಿಸಿ ಮಾಡದನ ಹರೀತೈತಿ, ಸುರುಳಿ ಅಯಸ್ಕಾಂತ ಆಕ್ಕೈತಿ. ಆದ್ರ ಎಲ್ಲೋ ಒಂದ ಕಡೆ ಬಿಸಿ ಹುಟ್ಟಿತಂದ್ರ ಅದು ಆಜೂಬಾಜೂ ಜಲ್ದಿ ಹರಡೂದಿಲ್ಲ. ಉಳದದ್ದೆಲ್ಲಾ ತಣ್ಣಗ ಕುಂತಿರತೈತಿ, ಮೀಟರಿಗೂ ಖಬರ ಇರೂದಿಲ್ಲ, ಅದೊಂದ ಜಾಗಾ ಸುಟ್ಟ ಹೋಗತೈತಿ.

ಮೊದಲನೇ ಸುರುಳಿ ಹಂಗ ಸುಟ್ಟಿತು. ತಗದ ನೋಡಿದ್ರ ಸುಟ್ಟ ಜಾಗಾದ ಸುತ್ತ ಹಳದಿ! ದೇವರ ಅರಿಷಿಣದ ಭಂಡಾರ, ಕುಂಕುಮ, ನಾಕ ಅಕ್ಕಿಕಾಳು, ಕಲಸಿ ದಪ್ಪಗ ಮೆತ್ತಿದ್ದು. ಅದರ ಕೆಳಗ ನೈಟ್ರೋಜನ್ ಪಟ್ಟಿಗೆ ತಾಗೇ ಇರಲಿಲ್ಲ. ನಾ ಇಲ್ಲದಾಗ ಮೆತ್ತಿದವ್ರು ನಮ್ಮ ಲ್ಯಾಬಿನ ಅಟೆಂಡರ್, ಬಿಂಕದಕಟ್ಟಿ ಕಾಕಾ. ಬೋರ್‌ವೆಲ್ ಮೋಟಾರಿರಲಿ, ಪ್ರಿನ್ಸಿಪಾಲರ ಸ್ಕೂಟರಿರಲಿ, ಹೊಸಾದು ಏನ ಬಂದ್ರೂ ಪೂಜಿ ಅವರ ಕೈಯಿಂದನ. ಅವರ ಕೈಗುಣ ಭಾಳ ಚಲೋ ಅಂತ ಎಲ್ಲಾರಿಗೂ ನಂಬಿಗಿ.

ಸಿಟ್ಟು ನೆತ್ತಿಗೇರಿತು. ಬೈಯಾಕಂತನ ಹೊಂಟೆ. ಕಾಕಾ ಬಾಗಲದಾಗ ನಿಂತಿದ್ರು, ಬುತ್ತಿ ಬಿಚ್ಚೇ ಇರಲಿಲ್ಲ.

"ಅಕ್ಕೋರ, ನನ್ನ ಕೈಗುಣ ಹೋತೇನ್ರಿ?"

ತಡಾ ಆಗಿ ಬಂದ್ರಿ ಅಂತ ದಿನಾ ಅವರಿಗೆ ಬೈಯೂ ಬಾಯಿ ನಂದು. ಅವತ್ತ ಆ ಸುಟ್ಟ ಸುರುಳಿ ಬೆನ್ನ ಹಿಂದ ಹಿಡಕೊಂಡೆ.

"ಪಟ್ಟೀನ ಖೊಟ್ಟಿ ಇತ್ತರಿ ಕಾಕಾ" ಅಂದೆ.

ಎರಡನೇ ಸುರುಳಿಗೆ ಕರೆಂಟು ಕೊಡೂ ದಿನ ಒಳಗಿಂದ ಚಿಲಕಾ ಹಾಕ್ಕೊಂಡ ಕೂಡಬೇಕಂತ ಮಾಡಿದ್ದೆ. ಅಷ್ಟರಾಗ ಕಾಕಾ ಪೂಜಿ ತಾಟು ಹಿಡಕೊಂಡು ಬಂದು, ಒಳಗ ಬರೂದೋ ಬ್ಯಾಡೋ ಅಂತ ಹೊಸ್ತಿಲದಾಗ ನಿಂತ್ರು. ಹಿಂದೆಂದೂ ಹಂಗ ನಿಂತವರಲ್ಲ.

"ಬರ್ರಿ. ಸುರುಳಿ ಮುಟ್ಟಂಗಿಲ್ಲ, ನೈಟ್ರೋಜನ್ ಡಬ್ಬಿಗೆ ಹಚ್ರಿ, ಹೊರಗಿಂದ."

ಡಬ್ಬಿ ತುಂಬ ಹಚ್ಚಿದ್ರು, ಹಿಡಿಕಿನೂ ಬಿಡಲಿಲ್ಲ. ನಾ ಕರೆಂಟು ಏರಸ್ಕೋತ ಹೋದೆ, ಅವರು ಕೈ ಮುಗದ ನಿಂತಿದ್ರು. ಸುರುಳಿ ತಡೀತು. ಬೇಕಾದ ಅಳತಿ ಎಲ್ಲಾ ಸಿಕ್ಕವು.

ಕಾಕಾ ಕಣ್ಣ ಒರಸ್ಕೊಂಡು ನನ್ನ ಕಿವಿ ಹತ್ರ ಬಂದ್ರು.

"ಹೋದ ಸಲ ಭಂಡಾರ ಕಮ್ಮಿ ಬಿದ್ದಿತ್ತರಿ ಅಕ್ಕೋರ."

"ಹೌದ್ರಿ ಕಾಕಾ" ಅಂದೆ.