ಹಿಂದಿನ ದೀಪಕ್ಕೆ ಒಸಡು ಬಂದದ್ದು

ಮದುವೆಯ ಮಾತುಕತೆಯಲ್ಲಿ "ಹುಡುಗ ಹಲ್ಲಿನ ಕೆಲಸದಲ್ಲಿದ್ದಾನೆ" ಎಂದಷ್ಟೇ ಹೇಳಿದ್ದರಿಂದ, ತನ್ನ ಷಡ್ಡಕನಾಗಲಿರುವವನು ದಂತವೈದ್ಯನೆಂದು ದೊಡ್ಡಳಿಯ ನಂಬಿಬಿಟ್ಟಿದ್ದ. ನಂಬಿದ್ದಷ್ಟೇ ಅಲ್ಲ, ನಾದಿನಿಯ ಮದುವೆಯ ಊಟ ಮುಗಿದ ಮೇಲೆ ಮದುಮಗನನ್ನು ಮೂಲೆಗೆ ಕರೆದೊಯ್ದು, ಬೆಳಕು ಬೀಳುವ ಹಾಗೆ ನಿಂತು, ಆ ಎಂದು ಬಾಯಿ ತೆರೆದು ತೋರಿಸಿದ್ದ. ಮದುಮಗ ತಾಳ್ಮೆಯಿಂದ ಒಳಗೆಲ್ಲ ಇಣುಕಿ ನೋಡಿ, "ಎಲ್ಲಾ ಉದುರಿದ ಮೇಲೆ ಬನ್ನಿ ಭಾವ. ನನ್ನ ಕೆಲಸ ಶುರುವಾಗೋದೇ ಆಮೇಲೆ" ಎಂದ.

ಅವನು ಹಲ್ಲು ಕಟ್ಟುವವನು. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ಇವನು ಓಣಿಯ ಕೊನೆಯ ಒಂದು ಕೋಣೆಯಲ್ಲಿ ಕೂತು ಸೆಟ್ಟು ತಯಾರಿಸುತ್ತಾನೆ. ಮನೆಯ ಮಕ್ಕಳೆಲ್ಲ ಅವನನ್ನು ದವಡೆ ಮಾಮ ಎಂದೇ ಕರೆಯುವುದು. ಮೂರು ಜನ ಗುಮಾಸ್ತರ ಮೇಲಿನ ಅಧಿಕಾರಿಯಾದ ದೊಡ್ಡಳಿಯನಿಗೆ ಅಂದಿನಿಂದ ಅವನ ಬಗ್ಗೆ ಒಂದು ಹಿತವಾದ ತಾತ್ಸಾರ. ಮಾವ ತೀರಿಕೊಂಡ ಮೇಲೆ ಅವರ ಹಳೆಯ ಕಾರಿನ ಕೀಲಿಕೈಯನ್ನು ಅತ್ತೆ ತನಗೇ ಕೊಟ್ಟಾಗ ಆ ತಾತ್ಸಾರ ಇನ್ನಷ್ಟು ಹಿತವಾಯಿತು. "ದೊಡ್ಡವನೇ ಇಟ್ಕೊಳ್ಳಲಿ. ಅವನಿಗೇನು ಕೆಲಸ, ಒರೆಸ್ತಾ ಕೂತಿರ್ತಾನೆ" ಎಂದಿದ್ದರು ಅತ್ತೆ. ಅದನ್ನವನು ಹೊಗಳಿಕೆ ಎಂದೇ ತಿಳಿದ.

ಒರೆಸಿದ್ದೇ ಮುಳುವಾಯಿತು. ಭಾನುವಾರ ಅತ್ತೆ ಬಂದು ಗಂಡನ ಕಾರಿನಲ್ಲಿ ಒಂದು ಸುತ್ತು ಹೋಗುವವರಿದ್ದರು. ಹಿಂದಿನ ಎಡಗಡೆಯ ಕೆಂಪು ದೀಪ ಮಂಕಾಗಿದೆಯೆಂದು ದೊಡ್ಡಳಿಯ ಗೇಟಿಗೆ ಬಣ್ಣ ಬಳಿದಾಗ ಉಳಿದಿದ್ದ ತಿನ್ನರನ್ನು ಬಟ್ಟೆಗೆ ಹಾಕಿ ಜೋರಾಗಿ ಉಜ್ಜಿದ. ನೋಡನೋಡುತ್ತಲೇ ಗುಂಡನೆಯ ಕೆಂಪು ಮುಚ್ಚಳಕ್ಕೆ ಹಾಲಿನ ಕೆನೆಯಂಥ ಪೊರೆ ಕವಿದು, ಅದರೊಳಗೆ ಜೇಡರಬಲೆಯಂಥ ಬಿರುಕುಗಳೆದ್ದವು. ಗಾಬರಿಯಲ್ಲಿ ಬಿಚ್ಚಲು ಹೋಗಿ ಸ್ಕ್ರೂವನ್ನು ತಿರುಗಿಸಬಾರದ ಕಡೆಗೆ ತಿರುಗಿಸಿದ. ಅಂಚಿನ ಒಂದು ಚೂರು ಟಕ್ಕೆಂದು ಮುರಿದು ಚರಂಡಿ ಸೇರಿತು.

ಆ ಕಾರು ಮಾಡಿದ ಕಂಪನಿಯೇ ಈಗಿಲ್ಲ, ಇನ್ನು ಮುಚ್ಚಳ ಎಲ್ಲಿಯದು? ಹೆಂಡತಿ ನೋಡುವಷ್ಟು ನೋಡಿ, "ತಂಗಿ ಗಂಡನ್ನ ಕೇಳಿ" ಎಂದಳು.

"ಅವನನ್ನ? ಕಾರಿಗೂ ಅವನಿಗೂ ಏನೇ ಸಂಬಂಧ?"

"ಅವನ ಹಲ್ಲೂ ಪ್ಲಾಸ್ಟಿಕ್ಕು, ಈ ದೀಪಾನೂ ಪ್ಲಾಸ್ಟಿಕ್ಕು. ಭಾನುವಾರ ಅಮ್ಮನ ಮುಂದೆ ನಿಲ್ಲೋರು ನೀವು, ನಾನಲ್ಲ."

ದೊಡ್ಡಳಿಯ ಜಂಬವನ್ನು ಮನೆಯಲ್ಲೇ ಬಿಟ್ಟು, ಕಳಚಿದ ದೀಪವನ್ನು ಟವೆಲಿನಲ್ಲಿ ಸುತ್ತಿಕೊಂಡು, ಕಾರನ್ನೇ ಓಡಿಸಿಕೊಂಡು ಓಣಿಯ ಕೊನೆಗೆ ಹೋದ. ಆ ಕೋಣೆಯೊಳಗೆ ಅವನು ಕಾಲಿಟ್ಟಿದ್ದು ಅದೇ ಮೊದಲು. ಗೋಡೆಯುದ್ದಕ್ಕೂ ಹಲಗೆಗಳು. ಹಲಗೆಗಳ ಮೇಲೆ ಸುಣ್ಣದಷ್ಟು ಬಿಳಿಯ ಅಚ್ಚಿನ ದವಡೆಗಳು, ಒಂದರ ಪಕ್ಕ ಒಂದು, ಕೆಲವು ತೆರೆದು ಕೆಲವು ಮುಚ್ಚಿ, ಸಭೆ ಸೇರಿದ ಹಾಗೆ ಅವನನ್ನೇ ನೋಡುತ್ತಿದ್ದವು.

ದವಡೆ ಮಾಮ ಟವೆಲು ಬಿಚ್ಚಿ, ಮುಚ್ಚಳವನ್ನು ಕಿಟಕಿಗೆ ಹಿಡಿದ. "ಯಾರು ಈ ಕೊಲೆ ಮಾಡಿದ್ದು?"

"ಅದೆಲ್ಲ ಯಾಕೆ ಈಗ? ಆಗುತ್ತಾ? ಅತ್ತೆಗೆ ಗೊತ್ತಾಗಬಾರದು."

"ಕಟ್ಟಿದ್ದು ಅಂತ ಗೊತ್ತಾಗಬಾರದು ಅನ್ನೋದೇ ನನ್ನ ಕಸುಬು ಭಾವ. ಕೂತ್ಕೊಳ್ಳಿ, ಏನೂ ಮುಟ್ಟಬೇಡಿ."

ಮುಚ್ಚಳವನ್ನು ಉಗುರುಬೆಚ್ಚಗಿನ ಸಾಬೂನು ನೀರಲ್ಲಿ ಮುಳುಗಿಸಿ, ಮೆತ್ತನೆಯ ಬ್ರಷ್ಷಿನಿಂದ ಒಳಗಿನ ಗೆರೆಗೆರೆಗಳ ಕೊಳೆ ತೆಗೆದ. ಆಮೇಲೆ ಒದ್ದೆ ಮರಳುಕಾಗದ. ಮೊದಲು ಒರಟಿನದು, ಆಮೇಲೆ ನಯದ್ದು, ಅದಕ್ಕಿಂತ ನಯದ್ದು. ಪ್ರತಿ ಸಲವೂ ನೀರಲ್ಲಿ ಅದ್ದಿ, ಕಿಟಕಿಗೆ ಹಿಡಿದು, "ಇನ್ನೂ ಇದೆ" ಎನ್ನುವನು. ಬಲ್ಬಿನ ಹಿಂದಿನ ತಗಡಿನ ಬಟ್ಟಲು ಕಪ್ಪಿಟ್ಟಿತ್ತು. ದೊಡ್ಡಳಿಯ ಉಜ್ಜಲು ಕೈ ಹಾಕಿದ್ದೇ ತಡ, "ಕೈ!" ಎಂದು ಗದರಿ, ತಾನೇ ಬಾಯಿಂದ ಹಬೆ ಊದಿ ಹತ್ತಿಯಿಂದ ಮಗುವಿನ ಕಣ್ಣೊರೆಸುವಂತೆ ಒರೆಸಿದ. ಎರಡೂ ಕಡೆಯ ದೀಪ ಒಂದೇ ಆಕಾರದವಾದ್ದರಿಂದ, ಹೊರಗೆ ಹೋಗಿ ಬಲಗಡೆಯದರ ಅಂಚಿಗೆ ಬಾಯಿಯ ಅಳತೆ ತೆಗೆಯುವ ಮುದ್ದೆಯನ್ನೊತ್ತಿ ಅಚ್ಚು ತೆಗೆದು ತಂದ. ಅದನ್ನು ಮುರಿದ ಅಂಚಿಗೆ ಕೂರಿಸಿ, ಸೆಟ್ಟು ಮಾಡುವ ಪುಡಿಯನ್ನು ಅದರ ದ್ರಾವಣದಲ್ಲಿ ಕಲಸಿ ತುಂಬಿ, ಬೆಚ್ಚನೆಯ ನೀರಿನ ಪಾತ್ರೆಯಲ್ಲಿಟ್ಟ.

ಅಚ್ಚು ಬಿಡಿಸಿದಾಗ ದೊಡ್ಡಳಿಯ ಹೌಹಾರಿದ. ಮುರಿದ ಅಂಚು ತುಂಬಿತ್ತು, ನಿಜ. ಆದರೆ ತಿಳಿಗುಲಾಬಿ ಬಣ್ಣ. ಒಳಗೆ ಸಣ್ಣ ಸಣ್ಣ ಕೆಂಪು ನರಗಳು ಬೇರೆ.

"ಏನಯ್ಯಾ ಇದು? ದೀಪಕ್ಕೆ ಒಸಡು ಬಂದಿದೆ!"

ದವಡೆ ಮಾಮನ ಕಿವಿ ಕೆಂಪಾಯಿತು. "ಕೈ ಅಭ್ಯಾಸಬಲದಲ್ಲಿ ಒಸಡಿನ ಪುಡಿ ಡಬ್ಬಕ್ಕೇ ಹೋಗಿಬಿಡ್ತು."

"ನಾಳೆ ಹಲ್ಲೂ ಬರುತ್ತೆ ನೋಡು."

"ಬಂದ್ರೆ ನಿಮಗೇ ಹಾಕ್ತೀನಿ. ಸುಮ್ನಿರ್ತೀರಾ?"

ಒಸಡನ್ನು ಕೊರೆದು ತೆಗೆದು, ಬಣ್ಣವಿಲ್ಲದ ಪುಡಿಗೆ ಕೆಂಪು ಬೆರೆಸಲು ಕೂತ. ಒಂದು ಹನಿ ಗಾಜಿನ ಮೇಲಿಟ್ಟು ಹಳೆಯ ಮುಚ್ಚಳದ ಪಕ್ಕ ಹಿಡಿದು ನೋಡುವುದು, ಒರೆಸುವುದು, ಮತ್ತೆ ಬೆರೆಸುವುದು. "ಹೊಸ ಕೆಂಪು ಯಾರು ಬೇಕಾದ್ರೂ ಮಾಡ್ತಾರೆ. ಇದು ಬಿಸಿಲು ತಿಂದ ಕೆಂಪು. ಪಕ್ಕದಲ್ಲಿ ಹೊಸದು ಕೂತ್ರೆ ಬೀದಿಗೆಲ್ಲ ಕಾಣುತ್ತೆ." ಕಡ್ಡಿಯ ತುದಿಯಲ್ಲಿ ಇಷ್ಟೇ ಇಷ್ಟು ಕಂದು ಸೇರಿಸಿದ. ಕೆಂಪಿಗೆ ವಯಸ್ಸಾಯಿತು.

ಗಟ್ಟಿಯಾದ ಮೇಲೆ ಅರ, ಕಾಗದ, ತಿರುಗುವ ಬಟ್ಟೆಚಕ್ರ. ಕೊನೆಗೆ ಮುಚ್ಚಳವನ್ನು ದೊಡ್ಡಳಿಯನ ಕೈಗಿಟ್ಟ. ಬೆಸುಗೆ ಎಲ್ಲಿದೆಯೆಂದು ಅವನು ಕಣ್ಣಲ್ಲಿ ಹುಡುಕಿದ, ಬೆರಳಲ್ಲಿ ಹುಡುಕಿದ, ಉಗುರಲ್ಲಿ ಕೆರೆದು ಹುಡುಕಿದ. ಸಿಗಲಿಲ್ಲ. ಚರಂಡಿ ಸೇರಿದ ಚೂರೇ ನಡೆದು ವಾಪಸು ಬಂದಂತಿತ್ತು.

ದವಡೆ ಮಾಮ ಕಿಟಕಿ ಮುಚ್ಚಿ, ದೀಪ ಜೋಡಿಸಿ, ತಂತಿಗಳನ್ನು ಮೂಲೆಯಲ್ಲಿದ್ದ ಒಂದು ಬ್ಯಾಟರಿಗೆ ಮುಟ್ಟಿಸಿದ.

ಕೋಣೆ ಕೆಂಪಾಯಿತು. ಹಲಗೆಗಳ ಮೇಲಿನ ಅಷ್ಟೂ ದವಡೆಗಳು ಒಮ್ಮೆಲೇ ರಕ್ತ ಬಂದಂತೆ ರಂಗೇರಿ, ಇನ್ನೇನು ಎಲ್ಲವೂ ಸೇರಿ ಹಾಡಿಬಿಡುತ್ತವೆ ಎನಿಸಿತು. ಮುಚ್ಚಳದ ಸಣ್ಣ ಗೆರೆಗಳೆಲ್ಲ ಬೆಳಕಿನ ಉಂಗುರಗಳಾಗಿ ಚಾವಣಿಯವರೆಗೂ ಹರಡಿದ್ದವು. ಇಷ್ಟು ವರ್ಷ ತಾನು ಒರೆಸುತ್ತ ಬಂದ ವಸ್ತುವಿನೊಳಗೆ ಇಷ್ಟೊಂದು ಇತ್ತೆಂದು ದೊಡ್ಡಳಿಯನಿಗೆ ಗೊತ್ತೇ ಇರಲಿಲ್ಲ. ಕಚೇರಿಯಲ್ಲಿ ನಮಸ್ಕಾರಕ್ಕೂ ಒಂದು ಭಾಷಣ ಕೊಡುವವನು, ಆ ಉಂಗುರಗಳನ್ನು ಒಂದೊಂದಾಗಿ ಎಣಿಸುತ್ತ ನಿಂತ.

ಭಾನುವಾರ ಅತ್ತೆ ಬಂದರು, ದವಡೆ ಮಾಮನೂ ಬಂದಿದ್ದ. ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂದೆ ನಿಂತು ಬ್ರೇಕ್ ಒತ್ತಿಸಿದರು. ಎರಡು ದೀಪಗಳೂ ಒಂದೇ ವಯಸ್ಸಿನಲ್ಲಿ ಹೊತ್ತಿದವು. ಅವರ ಮುಖ ಸಡಿಲವಾಯಿತು. "ಅವರು ಇದ್ದಾಗ ಹೀಗೇ ಇತ್ತು. ನಿನಗೆ ಕೊಟ್ಟಿದ್ದು ಒಳ್ಳೇದೇ ಆಯ್ತು."

ದವಡೆ ಮಾಮ ಗೋಡೆಗೊರಗಿ ಆಕಾಶ ನೋಡುತ್ತಿದ್ದ. ದೊಡ್ಡಳಿಯ ಸ್ಟಿಯರಿಂಗ್ ಹಿಡಿದು ಕೂತಲ್ಲೇ ಚಡಪಡಿಸಿದ. ಬೇರೆ ಯಾವ ಹೊಗಳಿಕೆಯನ್ನಾದರೂ ನುಂಗುತ್ತಿದ್ದ. ಇದು ಗಂಟಲಲ್ಲಿ ಇಳಿಯಲಿಲ್ಲ.

"ಅತ್ತೆ, ಹಾಳು ಮಾಡಿದ್ದು ನಾನು. ಸರಿ ಮಾಡಿದ್ದು ಇವನು."

ಅತ್ತೆ ಬಗ್ಗಿ ದೀಪವನ್ನು ಮತ್ತೊಮ್ಮೆ, ತುಂಬ ಹೊತ್ತು ನೋಡಿದರು. ಆಮೇಲೆ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತರು. "ಓಡಿಸೋದು ನೀನೇ ಓಡಿಸು. ಒರೆಸೋದು ಇನ್ಮೇಲೆ ಅವನು. ಏಯ್ ಚಿಕ್ಕೋನೇ, ಹತ್ತು."

ದವಡೆ ಮಾಮ ಹಿಂದೆ ಹತ್ತಿದ. ಕಾರು ಬೀದಿ ದಾಟಿದ ಮೇಲೆ ದೊಡ್ಡಳಿಯನಿಗೆ ಮಾತು ಮರಳಿತು. ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ಕೇಳುವಂತೆ ಕೇಳಿದ: "ಅಲ್ಲಪ್ಪಾ, ಒಬ್ಬ ಕಲಾವಿದನಾಗಿ ಹೇಳು. ಮನುಷ್ಯನ ಬಾಯಿಗೆ ಹಲ್ಲು ಕೂರಿಸೋದು, ಕಾರಿಗೆ ದೀಪ ಕೂರಿಸೋದು, ಎರಡರಲ್ಲಿ ಯಾವುದು ಹೆಚ್ಚು ತೃಪ್ತಿ?"

"ದೀಪ," ಎಂದ ದವಡೆ ಮಾಮ. "ಕೂರಿಸಿದ ಮೇಲೆ ಪ್ರಶ್ನೆ ಕೇಳಲ್ಲ."