ಒಳಗೆ ಹೋದ ನೀಲಿ ಸೀರೆ

ನುಸಿಗುಳಿಗೆಯ ವಾಸನೆ ಮೊದಲು ಬಂತು. ಅದರ ಹಿಂದೆಯೇ ಹಳೆಯ ನೂಲಿನ ಬಟ್ಟೆಯ ವಾಸನೆ. ಅದರಲ್ಲಿ ಜೋಳದ ಹಿಟ್ಟಿನ ವಾಸನೆಯೂ ಇತ್ತೋ, ಅಥವಾ ನಾನೇ ಕಲ್ಪಿಸಿಕೊಂಡೆನೋ... ನಮ್ಮ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಾರೆ. ಮುಂದಿನ ತಿಂಗಳು ನಾವು ಕಾಂದಿವಲಿಯ ಬಾಡಿಗೆ ಮನೆಗೆ ಹೋಗಬೇಕು. ಮಗಳು ಲಾಫ್ಟ್ ಖಾಲಿ ಮಾಡುತ್ತ ಒಂದು ಪ್ಲಾಸ್ಟಿಕ್ ಚೀಲವನ್ನು ಕೆಳಗೆ ಎಸೆದಳು. ಗಂಟು ಬಿಚ್ಚುವ ಮೊದಲೇ ನನಗೆ ತಿಳಿಯಿತು. ಆಯಿ ಹೊಲಿದ ಕೌದಿ. ಎಂಟು ವರ್ಷ ನಾನು ಅದನ್ನು ಬಿಚ್ಚಿ ನೋಡಿರಲಿಲ್ಲ.

ಮುಂಬಯಿಯ ಆಂಟಾಪ್ ಹಿಲ್‌ನ ಈ ಮಹಡಿಯಲ್ಲಿ ಆಯಿ ನಮ್ಮ ಎದುರು ಬಾಗಿಲಿನವರು. ಮರಾಠಿಯವರಿಗೆ ಆಯಿ ಎಂದರೆ ತಾಯಿ, ವಿಜಯಪುರದ ಕಡೆಯ ಅವರ ಮನೆಯವರಿಗೆ ಅಜ್ಜಿ. ಹಾಗಾಗಿ ಯಾರ ತಕರಾರೂ ಇಲ್ಲದೆ ಎಲ್ಲರಿಗೂ ಅವರು ಆಯಿಯೇ ಆಗಿದ್ದರು. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಬಾಗಿಲ ಮುಂದೆ ಚಾಪೆ ಹಾಸಿಕೊಂಡು ಕೌದಿ ಹೊಲಿಯುತ್ತ ಕೂರುತ್ತಿದ್ದರು. ಹಳೆಯ ಸೀರೆ, ಅಂಗಿ, ಲಂಗ ಎಲ್ಲ ತುಂಡಾಗಿ, ಒಂದರ ಮೇಲೊಂದು ಕೂತು ಹೊದಿಕೆಯಾಗುತ್ತಿತ್ತು. ಸವೆದದ್ದು ಒಳಗೆ, ಚೆಂದದ್ದು ಮೇಲೆ. ನಟ್ಟನಡುವೆ ಮಾತ್ರ ಅಂಗೈಯಗಲ ಜಾಗವನ್ನು ಹೊಲಿಯದೆ ಬಿಡುತ್ತಿದ್ದರು. ಅದು ಕೌದಿಯ ಹೊಟ್ಟೆಯಂತೆ. ಎಲ್ಲ ಮುಗಿದ ಮೇಲೆ ಅಲ್ಲಿ ಒಂದು ಚೂರು ರೊಟ್ಟಿ, ಚಿಟಿಕೆ ಸಕ್ಕರೆ ಇಟ್ಟು ಕೊನೆಯ ತುಂಡಿನಿಂದ ಮುಚ್ಚುತ್ತಿದ್ದರು.

"ಹೊಟ್ಟಿ ತುಂಬಿದ್ರನ ಅದು ನಮ್ಮನ್ನ ಬೆಚ್ಚಗ ಇಡತೈತಿ, ಯವ್ವಾ. ಹಸದ ಕೌದಿ ಏನ್ ಇಟ್ಟೀತು?" ಎನ್ನುತ್ತಿದ್ದರು.

ನಾನು ಬೆಳಗ್ಗೆ ಲೋಕಲ್ ರೈಲು ಹಿಡಿಯಲು ಹೊರಟಾಗ ಐದು ಸೂಜಿ ಪೋಣಿಸಿ ಕೊಡಬೇಕಿತ್ತು. ಅವನ್ನು ಅವರು ಸೆರಗಿಗೆ ಚುಚ್ಚಿಕೊಳ್ಳುತ್ತಿದ್ದರು. ಐದು ದಾರ ಮುಗಿದರೆ ಅಂದಿನ ಕೆಲಸ ಮುಗಿಯಿತು. ಹೊಲಿಗೆ ಮಾತ್ರ ಗೆರೆ ಎಳೆದಷ್ಟು ನೇರ. ಬೆರಳಿನಿಂದಲೇ ನೋಡುತ್ತಿದ್ದರು ಅನಿಸುತ್ತದೆ. ಹಾಗಾಗಿ ಕಣ್ಣಿನ ವಿಚಾರ ನಮಗೆ ಯಾರಿಗೂ ಹೊಳೆಯಲಿಲ್ಲ. ವಯಸ್ಸಾದವರಿಗೆ ಸೂಜಿಯ ಕಣ್ಣು ಕಾಣದಿರುವುದು ಸಹಜವಲ್ಲವೇ ಎಂದುಕೊಂಡೆವು.

ಆ ವರ್ಷ ಊರಿನಲ್ಲಿ ನನ್ನ ಅವ್ವ ತೀರಿಕೊಂಡಳು. ಅವಳ ಸೀರೆಗಳಲ್ಲಿ ನಾಲ್ಕನ್ನು ನಾನು ಧಾರವಾಡದಿಂದ ತಂದೆ. ಅದರಲ್ಲೊಂದು ಕಡುನೀಲಿಯ ನೂಲಿನ ಸೀರೆ. ನನ್ನನ್ನು ಮೊದಲ ಸಲ ಮುಂಬಯಿ ರೈಲು ಹತ್ತಿಸಿದ ದಿನ ಅವ್ವ ಅದನ್ನು ಉಟ್ಟಿದ್ದಳು. ಒಗೆದು ಒಗೆದು ಹೂವಿನಷ್ಟು ಮೆತ್ತಗಾಗಿತ್ತು. ನಾಲ್ಕನ್ನೂ ಆಯಿಗೆ ಕೊಟ್ಟೆ. ಜೊತೆಗೆ ಒಳಗೆ ತುಂಬಲು ನಮ್ಮ ಮನೆಯ ಹರಕು ಬಟ್ಟೆ, ನನ್ನ ಎರಡು ಕರಿ ಲಂಗ. ಯಾವುದು ಯಾವುದೆಂದು ಬಾಯಿಬಿಟ್ಟು ಹೇಳಿದೆನೋ ಇಲ್ಲವೋ, ಈಗ ನೆನಪಾಗುತ್ತಿಲ್ಲ. ಹೇಳಿದ್ದೆ ಅಂತಲೇ ಎಷ್ಟೋ ವರ್ಷ ನಂಬಿದ್ದೆ.

ಒಂದು ಸಂಜೆ ಆಯಿ ಬಗ್ಗಿಸಿದ ಚಹಾ ಕಪ್ಪಿಗೆ ಬೀಳದೆ ಪಕ್ಕಕ್ಕೆ ಬಿತ್ತು. ಆಗ ಕೇಳಿದೆ. ದೀಪದ ಸುತ್ತ ಬಳೆ ಕಾಣುತ್ತದೆ, ಬಿಸಿಲಿಗೆ ಹೋದರೆ ಎಲ್ಲ ಹೊಗೆ ಹೊಗೆ ಎಂದರು. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, ಮೋತಿಬಿಂದು, ಇನ್ನೇನು ಎಂದಳು. ಕಣ್ಣಿನ ಪೊರೆ. ಆಯಿಗೂ ಅದು ಗೊತ್ತಿತ್ತಂತೆ.

"ಪರಿ ಬಂದೈತಿ ಅಂತ ನಂಗೂ ಗೊತ್ತವಾ. ಆದ್ರ ಇನ್ನೂ ಹಣ್ಣಾಗಿಲ್ಲ. ಕಾಯಿ ಇದ್ದಾಗ ಕಿತ್ತರ ಏನ್ ಬಂತು?"

ನನ್ನ ಅಜ್ಜಿಯೂ ಹೀಗೇ ಹೇಳುತ್ತಿದ್ದಳಾದ್ದರಿಂದ ನಾನು ಒಪ್ಪಿಬಿಟ್ಟೆ. ಇನ್ನೂ ನಾಲ್ಕು ತಿಂಗಳು ಹೋಯಿತು. ಕೊನೆಗೆ ಆಯಿಯ ಮಗನಿಗೆ ರಜೆ ಸಿಗುವುದಿಲ್ಲವೆಂದು ನಾನೇ ಒಂದು ಶನಿವಾರ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು. ಹಣ್ಣಾಗುವ ಮಾತು ಕೇಳಿ ನಕ್ಕುಬಿಟ್ಟರು.

"ಆಮ್ ಹೈ ಕ್ಯಾ, ಮಾಜೀ?"

ಮಾವಿನಹಣ್ಣೇನು ಎಂದು ಅವರು ಕೇಳಿದ್ದನ್ನು ಕನ್ನಡದಲ್ಲಿ ಹೇಳಿದೆ. ಆಯಿಯೂ ನಕ್ಕರು. ಆಮೇಲೆ ಡಾಕ್ಟರು ನಿಧಾನವಾಗಿ ವಿವರಿಸಿದರು. ಇದು ಕಣ್ಣಿನ ಮೇಲೆ ಬೆಳೆಯುವ ಪೊರೆಯಲ್ಲ, ಒಳಗಿನ ಮಸೂರವೇ ಮಬ್ಬಾಗಿ ಹಳದಿಯಾಗುವುದು. ಕಾಯುವ ಅಗತ್ಯವಿಲ್ಲ, ಬಹಳ ಕಾದರೆ ಅದು ಗಟ್ಟಿಯಾಗಿ ತೆಗೆಯುವುದೇ ಕಷ್ಟ. ಹಳೆಯದನ್ನು ತೆಗೆದು ಹೊಸ ಮಸೂರ ಕೂರಿಸುತ್ತೇವೆ, ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ನಾನು ತಲೆಯಾಡಿಸಿದೆ. ಎಷ್ಟು ಅರ್ಥವಾಯಿತೋ ದೇವರಿಗೇ ಗೊತ್ತು. ಹಳದಿ ಎಂಬ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಆಪರೇಷನ್ ದಿನ ನರ್ಸ್ ಆಯಿಯ ಹುಬ್ಬಿನ ಮೇಲೆ ಬಿಳಿ ಪಟ್ಟಿಯ ತುಂಡು ಅಂಟಿಸಿ ಗುರುತು ಮಾಡಿದ್ದರು. ಅದು ಎಡಗಣ್ಣೋ ಬಲಗಣ್ಣೋ... ಎಷ್ಟು ಯೋಚಿಸಿದರೂ ಖಚಿತವಾಗುವುದಿಲ್ಲ. ಒಳಗೆ ಹೋದವರು ನಾನು ಒಂದು ಚಹಾ ಕುಡಿದು ಬರುವಷ್ಟರಲ್ಲಿ ಹೊರಗೆ ಬಂದಿದ್ದರು. ಮರುದಿನ ಕಣ್ಣಿಗೆ ಕಟ್ಟಿದ್ದ ಪಟ್ಟಿ ತೆಗೆದಾಗ ಮೊದಲು ನೋಡಿದ್ದು ನನ್ನನ್ನೇ.

"ಅಯ್ಯ, ನಿನ್ನ ಕೂದಲಾ ಯಾವಾಗ ಇಷ್ಟು ಬೆಳ್ಳಗ ಆದ್ವು?"

ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಡಾಕ್ಟರು ತಲೆಗೆ ನೀರು ಹಾಕಿಕೊಳ್ಳಬೇಡಿ, ಒಲೆಯ ಮುಂದೆ ನಿಲ್ಲಬೇಡಿ, ಬಗ್ಗಿ ಭಾರ ಎತ್ತಬೇಡಿ ಎಂದು ಹೇಳಿ ಕಳಿಸಿದರು. ಹನಿ ಔಷಧ ಹಾಕುವುದು ನನ್ನ ಪಾಲಿಗೆ ಬಂತು. ಬೆಳಗ್ಗೆ ಸೂಜಿಯ ಬದಲು ಈಗ ಹನಿ.

ಎಂಟು ಹತ್ತು ದಿನ ಕಳೆದಿರಬೇಕು. ಕರಿ ಕನ್ನಡಕ ಹಾಕಿಕೊಂಡ ಆಯಿ ನನ್ನ ಕೌದಿಯನ್ನು ತೆಗೆದು ಕೂತಿದ್ದರು. ಹೊಟ್ಟೆಯೊಂದು ಬಿಟ್ಟು ಎಲ್ಲ ಮುಗಿದಿತ್ತು. ಉಳಿದ ಚಿಂದಿಯ ಗಂಟಿನಿಂದ ಬೆರಳಗಲದ ಒಂದು ತುಂಡು ಎತ್ತಿ ಹಿಡಿದು, ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿದರು. ಮತ್ತೆ ಇನ್ನೊಂದು ಮುಚ್ಚಿದರು.

"ಇದ ಯಾವುದವಾ? ಈ ಕಣ್ಣಿಗಿ ನೀಲಿ ಕಾಣತೈತಿ, ಈ ಕಣ್ಣಿಗಿ ಕರಿ. ಯಾವ ಕಣ್ಣ ನಂಬಲಿ?"

ನಾನು ನೋಡಿದೆ. ಅವ್ವನ ಸೀರೆ. ಕೌದಿಯ ಮೇಲೆಲ್ಲ ಹುಡುಕಿದೆ. ಹಸಿರು ಇತ್ತು, ಕೆಂಪು ಇತ್ತು, ನನ್ನ ಕರಿ ಲಂಗದ ಚೌಕಗಳು ಇದ್ದವು. ನೀಲಿ ಎಲ್ಲೂ ಇರಲಿಲ್ಲ. ಎರಡೂ ಕರಿ ಎಂದುಕೊಂಡು, ಮೆತ್ತಗಿದ್ದದ್ದೇ ಸವೆದದ್ದೆಂದು ಅವರು ಸೀರೆಯನ್ನು ಒಳಗೆ ತುಂಬಿ, ಲಂಗವನ್ನು ಮೇಲೆ ಹೊಲಿದಿದ್ದರು.

"ಕಣ್ಣು ಕಾಣಂಗಿಲ್ಲ ಅಂದ್ರ ಯಾಕ್ ಒಪ್ಪಿಕೊಂಡ್ರಿ, ಆಯಿ?"

ಇದನ್ನು ನಾನು ಮೆಲ್ಲಗೆ ಹೇಳಲಿಲ್ಲ. ಪಕ್ಕದ ಮನೆಯಾಕೆ ಹೊರಗೆ ಬಂದು ನೋಡಿದಳು. ಆಯಿ ಆ ತುಂಡನ್ನು ಮಡಚುತ್ತ, ಬಿಚ್ಚುತ್ತ ಕೂತರು. ಆಮೇಲೆ ಹೇಳಿದರು.

"ಇನ್ನೊಂದ್ ಕಣ್ಣ ಮಾಡಿಸಿಕೊಂಡು ಬರೂಣು. ಆಮ್ಯಾಲ ಎಲ್ಲಾ ಬಿಚ್ಚಿ ಹೊಲದ ಕೊಡತೀನಿ. ಒಂದ ಕಣ್ಣಾಗ ಸೂಜಿ ಎಲ್ಲಿ ಇಳಿತೈತಿ ಅನ್ನೂದ ತಿಳಿವಲ್ದು."

ಎರಡನೆಯ ಕಣ್ಣಿನ ದಿನ ಬಂದಾಗ ಆಫೀಸಿನಲ್ಲಿ ರಜೆ ಸಿಗಲಿಲ್ಲ ಎಂದೆ. ರಜೆ ಕೇಳಿದ್ದೆನೇ? ಕೇಳಿದ ನೆನಪೂ ಇದೆ, ಕೇಳದೆ ಬಂದ ನೆನಪೂ ಇದೆ. ಸಿಟ್ಟಿತ್ತೋ, ನಿಜವಾಗಿಯೂ ಕೆಲಸವಿತ್ತೋ, ಬಿಡಿಸಿ ನೋಡಲು ಹೋದರೆ ಎಲ್ಲ ಗೋಜಲಾಗುತ್ತದೆ... "ಇರಲಿ ಬಿಡವಾ, ಮುಂದಿನ ತಿಂಗಳಾ ಹೋದ್ರಾತು. ಒಂದ ಕಣ್ಣ ಐತಲ್ಲ" ಎಂದರು ಆಯಿ. ಆಸ್ಪತ್ರೆಯವರು ಬೇರೆ ದಿನ ಕೊಟ್ಟರು. ಆ ದಿನಕ್ಕೆ ಒಂದು ವಾರವಿರುವಾಗ ಆಯಿಗೆ ಜ್ವರ ಬಂತು. ಮೂರನೆಯ ದಿನ ಆಸ್ಪತ್ರೆಗೆ ಒಯ್ದರು. ಹಿಂದಿರುಗಿ ಬರಲಿಲ್ಲ. ಕಣ್ಣಿಗೂ ಜ್ವರಕ್ಕೂ ಸಂಬಂಧವಿಲ್ಲ ಎಂದು ಎಲ್ಲರೂ ಹೇಳಿದರು. ನನಗೂ ಗೊತ್ತು. ಆದರೂ...

ಹದಿಮೂರು ದಿನ ಕಳೆದ ಮೇಲೆ ಸೊಸೆ ಕೌದಿ ತಂದುಕೊಟ್ಟು, "ನಿಮ್ಮದಂತ್ರಿ, ಕೊಡು ಅಂದಿದ್ರು" ಎಂದಳು. ಮಡಿಕೆ ಬಿಚ್ಚದೆ ಚೀಲದಲ್ಲಿ ಹಾಕಿ ಲಾಫ್ಟಿಗೆ ಏರಿಸಿದೆ. ಒಂದೆರಡು ವರ್ಷದಲ್ಲಿ ಅವರೂ ಮನೆ ಬಿಟ್ಟು ಹೋದರು.

ಕಳೆದ ವಾರ ನನ್ನ ಕಣ್ಣು ತೋರಿಸಲು ಹೋಗಿದ್ದೆ. ಸ್ಟೇಷನ್ ದೀಪಗಳ ಸುತ್ತ ಬಳೆ ಕಾಣತೊಡಗಿತ್ತು. ಮೋತಿಬಿಂದು ಎಂದರು. ಎರಡು ಕಣ್ಣಿಗೂ ಇದೆಯಂತೆ, ಹದಿನೈದು ದಿನ ಬಿಟ್ಟು ಮೊದಲನೆಯದರ ಆಪರೇಷನ್. ನಿಮಗೆ ಕಡುನೀಲಿ, ಕಪ್ಪು ಬೇರೆ ಬೇರೆ ಕಾಣುತ್ತವೆಯೇ ಎಂದು ಡಾಕ್ಟರಮ್ಮ ಕೇಳಿದರು. ಕಾಣುತ್ತವೆ ಎಂದೆ. ಮಸೂರ ಹಳದಿಯಾದಾಗ ನೀಲಿಯೇ ಮೊದಲು ಕಳೆದುಹೋಗುತ್ತದೆ, ನಿಧಾನವಾಗಿ ಹೋಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ ಎಂದರು. ನನಗೆ ಗೊತ್ತಾಗುತ್ತದೆ ಎಂದುಕೊಂಡು ಮನೆಗೆ ಬಂದೆ.

ಇವತ್ತು ಕೌದಿಯನ್ನು ಮಂಚದ ಮೇಲೆ ಹಾಸಿದೆವು. ಹೊಟ್ಟೆ ಇನ್ನೂ ತೆರೆದೇ ಇತ್ತು. ಆ ಬಾಯಿಯಿಂದ ಒಳಗಿನ ಬಟ್ಟೆಯನ್ನು ನಾಲ್ಕು ಬೆರಳಿನಷ್ಟು ಹೊರಗೆಳೆದು, ಮೇಲಕ್ಕೆ ಮಡಚಿ ಹೊಲಿದಿದ್ದರು. ಸೊಟ್ಟ ಹೊಲಿಗೆ. ಆಯಿಯ ಹೊಲಿಗೆ ಎಂದರೆ ನಂಬಲಾಗದಷ್ಟು ಸೊಟ್ಟ. ಎರಡು ಕಡೆ ಕಂದು ಬಣ್ಣದ ಚುಕ್ಕೆ, ಸೂಜಿ ಚುಚ್ಚಿದ ಬೆರಳಿನದಿರಬೇಕು. ಎರಡನೆಯ ಕಣ್ಣಿಗಾಗಿ ಅವರು ಕಾದಿರಲಿಲ್ಲ.

ಆದರೆ ಹೊರಗೆಳೆದ ಬಟ್ಟೆಯೂ ಕಪ್ಪೇ. ಪಾಪ, ಮತ್ತೆ ಲಂಗದ ತುಂಡನ್ನೇ ಎಳೆದಿದ್ದಾರೆ ಎಂದೆ.

"ಮಮ್ಮೀ, ಕಪ್ಪು ಕಹಾಂ ಹೈ? ಇದು ನೀಲಿ ಇದೆ. ಪೂರಾ ನೀಲಿ" ಎಂದಳು ಮಗಳು.

ಕಿಟಕಿಗೆ ಒಯ್ದು ಹಿಡಿದೆ. ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ. ಎರಡಕ್ಕೂ ಕಪ್ಪು. ಕೈಗೆ ಮಾತ್ರ ಮೆತ್ತಗೆ ಹತ್ತಿತು, ಹೂವಿನಷ್ಟು. ಕಣ್ಣು ಕಾಣದಿದ್ದರೆ ಯಾಕೆ ಒಪ್ಪಿಕೊಂಡಿರಿ ಎಂದು ಕೇಳಿದ್ದೆನಲ್ಲ. ನೀಲಿ ಕಾಣುವುದಿಲ್ಲ ಎಂಬುದು ಆಯಿಗೆ ಗೊತ್ತೇ ಇರಲಿಲ್ಲ. ಅವರಿಗೆ ಕಂಡಿತ್ತು. ಕಪ್ಪು ಕಂಡಿತ್ತು. ಈಗ ಇದನ್ನು ಹೇಳೋಣವೆಂದರೆ ಎದುರು ಬಾಗಿಲಿಗೆ ಬೇರೆಯವರ ಬೀಗ.

ಡಬ್ಬಿಯಿಂದ ಒಂದು ಚೂರು ರೊಟ್ಟಿ, ಚಿಟಿಕೆ ಸಕ್ಕರೆ ತಂದು ಹೊಟ್ಟೆಯಲ್ಲಿಟ್ಟೆ. ಇರುವೆ ಬರುತ್ತದೆ ಎಂದು ಮಗಳು ಬೈದಳು. ಸೂಜಿ ಪೋಣಿಸಿ ಕೊಡು ಎಂದೆ.

"ಯಾವ ಕಲರ್ ದಾರ?" ಎಂದಳು.

ದಾರದ ಡಬ್ಬಿಯನ್ನು ಅವಳತ್ತಲೇ ತಳ್ಳಿದೆ.